ವಾಕ್ಯವೇಷ್ಟನವೂ ಗಣಕಯಂತ್ರದ ದತ್ತಸಂಚಯವೂ

ಉಕ್ತಲೇಖನದ ವೇಳೆಯಲ್ಲಿ ಅಧ್ಯಾಪಕರು ಒಂದು ವಾಕ್ಯವನ್ನು ನಿಧಾನವಾಗಿ ಹೇಳಿ ಕೊನೆಗೆ ‘ಪೂರ್ಣವಿರಾಮ’ ಎನ್ನುತ್ತಾರೆ. ಹೊಸದಾಗಿ ಶಾಲೆಗೆ ಸೇರಿದ ಹುಡುಗನೊಬ್ಬ ಚುಕ್ಕೆಯನ್ನಿಡುವ ಬದಲು ‘ಪೂರ್ಣವಿರಾಮ’ ಎಂಬ ಐದು ಅಕ್ಷರಗಳನ್ನೇ ಬರೆದಿಡುವುದುಂಟು. ತರಗತಿ ನಗುತ್ತದೆ. ಇನ್ನೊಂದು ದಿನ ಲೇಖನಚಿಹ್ನೆಗಳ ಪಾಠವನ್ನೇ ಉಕ್ತಲೇಖನವಾಗಿ ಕೊಟ್ಟಾಗ, ಅದೇ ಹುಡುಗ ಆ ಪದವನ್ನು ಬರೆಯಬೇಕಾದ ಕಡೆಗಳಲ್ಲೆಲ್ಲ ಚುಕ್ಕೆಯನ್ನಿಟ್ಟು ಬರುತ್ತಾನೆ. ಇವೆರಡೂ ಒಂದೇ ದೋಷದ ಎರಡು ಮುಖಗಳು. ಬರೆಯತಕ್ಕ ಮಾತು ಯಾವುದು, ಪಾಲಿಸತಕ್ಕ ಆಜ್ಞೆ ಯಾವುದು ಎಂಬ ವಿವೇಕ ಇನ್ನೂ ಅವನಿಗೆ ಬಂದಿಲ್ಲ. ನಾಲ್ಕು ದಿನಗಳಲ್ಲಿ ಹುಡುಗನಿಗೆ ಅದು ಬಂದೀತು. ಗಣಕಯಂತ್ರಕ್ಕೆ ತಾನಾಗಿ ಎಂದಿಗೂ ಬರುವುದಿಲ್ಲ.

ಶಬ್ದವನ್ನು ಬಳಸುವುದಕ್ಕೂ ಶಬ್ದವನ್ನು ಉಲ್ಲೇಖಿಸುವುದಕ್ಕೂ ಇರುವ ಈ ಭೇದವನ್ನು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಪಾದದಲ್ಲಿಯೇ, 68ನೆಯ ಸೂತ್ರದಲ್ಲಿ, ಇತ್ಯರ್ಥಪಡಿಸಿದ್ದಾನೆ. ವ್ಯಾಕರಣಶಾಸ್ತ್ರದೊಳಗೆ ಒಂದು ಶಬ್ದವು, ಅದು ಶಾಸ್ತ್ರದ ಸಂಜ್ಞೆಯಾಗಿದ್ದರೆ ಹೊರತು, ತನ್ನ ರೂಪವನ್ನೇ ತಿಳಿಸುತ್ತದೆ ಎಂಬುದು ಅದರ ತಾತ್ಪರ್ಯ. ಅಗ್ನಿಶಬ್ದಕ್ಕೆ ಪ್ರತ್ಯಯವನ್ನು ವಿಧಿಸಿದರೆ ಅದನ್ನು ಹಚ್ಚಬೇಕಾದದ್ದು ಶಬ್ದಕ್ಕೇ ಹೊರತು ಉರಿಯುವ ಕೆಂಡಕ್ಕಲ್ಲ ಎಂದು ವ್ಯಾಖ್ಯಾನಕಾರರು ಇದನ್ನು ಬಿಡಿಸಿ ಹೇಳಿದ್ದಾರೆ. ಕನ್ನಡದಲ್ಲಿ ‘ಎಂದು’ ಎಂಬ ಅವ್ಯಯ ಈ ಕೆಲಸವನ್ನು ಸಮರ್ಥವಾಗಿ ಮಾಡುತ್ತದೆ. ‘ಬಾ ಎಂದನು’ ಎಂಬ ವಾಕ್ಯವನ್ನು ಕೇಳಿ ಯಾರೂ ಎದ್ದು ಬರುವುದಿಲ್ಲ. ಅಚ್ಚಿನ ಯುಗದಲ್ಲಿ ಇಂಗ್ಲಿಷಿನ ಮಾರ್ಗವಾಗಿ ಬಂದ ಒಂಟಿ ಗೆರೆಗಳ ಜೋಡಿಗೆ ಕನ್ನಡ ವ್ಯಾಕರಣಕಾರರು ‘ವಾಕ್ಯವೇಷ್ಟನ ಚಿಹ್ನೆ’ ಎಂಬ ಸೊಗಸಾದ ಹೆಸರನ್ನಿಟ್ಟರು. ವೇಷ್ಟನವೆಂದರೆ ಸುತ್ತುವ ವಸ್ತ್ರ, ಹೊದಿಕೆ. ಈ ಹೊದಿಕೆ ಹರಿದರೆ ಒಂದು ಶಾಲೆಯ ದಾಖಲೆಗೂ ಒಂದು ರಾಷ್ಟ್ರದ ಹಣಕಾಸಿನ ವ್ಯವಹಾರಕ್ಕೂ ಎಂತಹ ಹಾನಿಯೊದಗುತ್ತದೆ ಎಂಬುದನ್ನು ಅಧ್ಯಾಪಕರೂ ಆಡಳಿತ ಮಂಡಳಿಗಳೂ ಅರಿತಿರಬೇಕಾದ ಕಾಲ ಬಂದಿದೆ.

ಇಂದು ವಿದ್ಯಾಸಂಸ್ಥೆಗಳ ದಾಖಲಾತಿ ಪುಸ್ತಕ, ಶುಲ್ಕದ ಲೆಕ್ಕ, ಹಳೆಯ ವಿದ್ಯಾರ್ಥಿಗಳ ವಿಳಾಸ, ದಾನಿಗಳ ಪಟ್ಟಿ ಇವೆಲ್ಲ ಬಹುಮಟ್ಟಿಗೆ ಡೇಟಾಬೇಸ್ ಎಂಬ ದತ್ತಸಂಚಯವನ್ನು ಸೇರಿವೆ. ಅದರೊಡನೆ ವ್ಯವಹರಿಸುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಇದರ ಮೂಲರೂಪವನ್ನು ಪ್ರಕಟಿಸಿದರು. ಗಣಿತದ ಸಂಕೇತಗಳನ್ನು ಕಲಿಯದ ಸಾಮಾನ್ಯ ನೌಕರನೂ ಇಂಗ್ಲಿಷಿನ ವಾಕ್ಯದಂತಿರುವ ವಾಕ್ಯದಿಂದ ತನಗೆ ಬೇಕಾದ ಮಾಹಿತಿಯನ್ನು ಕೇಳಿ ಪಡೆಯಬೇಕೆಂಬುದು ಅವರ ಸದುದ್ದೇಶವಾಗಿತ್ತು. ಮನುಷ್ಯರ ಮಾತಿನ ಸೌಲಭ್ಯವನ್ನು ಬಯಸಿದವರಿಗೆ ಮನುಷ್ಯರ ಮಾತಿನ ಸಂದಿಗ್ಧತೆಯೂ ಜೊತೆಗೂಡಿ ಬಂದಿತು.

ಆ ಭಾಷೆಯ ಪ್ರಶ್ನೆಯೊಂದನ್ನು ಕನ್ನಡಿಸಿದರೆ ಅದು ಹೀಗಿದ್ದೀತು:

ಕೊಡು — ವಿದ್ಯಾರ್ಥಿ ಪಟ್ಟಿಯಿಂದ — ಹೆಸರು = 'ಶಾಂತವ್ವ'

ಇದರಲ್ಲಿ ‘ಕೊಡು’ ಎಂಬುದು ಆಜ್ಞೆ. ಗೆರೆಗಳ ನಡುವಿನ ‘ಶಾಂತವ್ವ’ ಎಂಬುದು ಬರಿಯ ಮಾತು. ಗುಮಾಸ್ತರು ಪರದೆಯ ಮೇಲಿನ ಚೌಕದಲ್ಲಿ ಹೆಸರನ್ನು ಟೈಪು ಮಾಡುತ್ತಾರೆ. ಪ್ರೋಗ್ರಾಮು ಆ ಹೆಸರನ್ನೆತ್ತಿ, ಮೊದಲೇ ಸಿದ್ಧವಾಗಿರುವ ಹಿಂದುಮುಂದಿನ ಪದಗಳೊಡನೆ ಅಂಟಿಸಿ, ವಾಕ್ಯವನ್ನು ಪೂರ್ಣಗೊಳಿಸಿ ದತ್ತಸಂಚಯಕ್ಕೆ ಕಳುಹಿಸುತ್ತದೆ. ಶಾಂತವ್ವ, ಮಲ್ಲಿಕಾರ್ಜುನ, ಫಾತಿಮಾ ಎಂಬ ಹೆಸರುಗಳಿರುವವರೆಗೆ ಎಲ್ಲವೂ ಸುಸೂತ್ರ. ಒಂದು ದಿನ ಮಂಗಳೂರಿನ ಕಡೆಯಿಂದ ವರ್ಗವಾಗಿ ಬಂದ ನೌಕರರೊಬ್ಬರ ಮಗಳು ಶಾಲೆಗೆ ಸೇರುತ್ತಾಳೆ. ಅವಳ ಮನೆತನದ ಹೆಸರು ಡಿ'ಸೋಜ. ಆಗ ವಾಕ್ಯ ಹೀಗಾಗುತ್ತದೆ:

ಕೊಡು — ವಿದ್ಯಾರ್ಥಿ ಪಟ್ಟಿಯಿಂದ — ಹೆಸರು = 'ಡಿ'ಸೋಜ'

‘ಡಿ’ ಎಂಬಲ್ಲಿಯೇ ವೇಷ್ಟನ ಮುಗಿಯಿತೆಂದು ಯಂತ್ರ ಬಗೆಯುತ್ತದೆ. ಉಳಿದ ‘ಸೋಜ’ ಎಂಬುದು ಅದಕ್ಕೆ ಅರ್ಥವಾಗದ ಆಜ್ಞೆ. ಅದು ದೋಷವೆಂದು ಸಾರಿ ನಿಂತುಬಿಡುತ್ತದೆ. ಅಚ್ಚುಕೂಟದ ಮೊಳೆಗಳಲ್ಲಿ ತೆರೆಯುವ ಗೆರೆಯೂ ಮುಚ್ಚುವ ಗೆರೆಯೂ ಬೇರೆ ಬೇರೆ ಆಕಾರದವಾಗಿದ್ದವು. ಬೆರಳಚ್ಚು ಯಂತ್ರದವರು ಕೀಲಿಗಳನ್ನುಳಿಸಲು ಎರಡಕ್ಕೂ, ಇಂಗ್ಲಿಷಿನ ಲೋಪಚಿಹ್ನೆಗೂ, ಒಂದೇ ನೆಟ್ಟನೆಯ ಗೆರೆಯನ್ನು ಗೊತ್ತುಮಾಡಿದರು. ಆ ಜಿಪುಣತನದ ಆಸ್ತಿಯನ್ನು ಗಣಕವು ಪಿತ್ರಾರ್ಜಿತವಾಗಿ ಪಡೆದಿದೆ.

ಹುಡುಗಿಯ ಹೆಸರಿನಿಂದ ಯಂತ್ರ ನಿಂತಿತೆಂಬುದು ಕಿರುಕುಳ ಮಾತ್ರ. ಆದರೆ ಕೇಡನ್ನು ಬಗೆಯುವವನು ಇದನ್ನು ಕಂಡ ಕೂಡಲೆ ಬಾಗಿಲಿನ ಸಂದಿಯನ್ನು ಕಂಡವನಂತೆ ಹಿಗ್ಗುತ್ತಾನೆ. ಅವನು ಚೌಕದಲ್ಲಿ ಹೆಸರಿನ ಬದಲು ' ಅಥವಾ '1' = '1 ಎಂದು ತುಂಬುತ್ತಾನೆ. ಪ್ರೋಗ್ರಾಮು ಎಂದಿನಂತೆ ಹಿಂದೊಂದು ಮುಂದೊಂದು ಗೆರೆಯನ್ನಿಟ್ಟಾಗ ವಾಕ್ಯವು, ‘ಯಾರ ಹೆಸರು ಶೂನ್ಯವೋ ಅಥವಾ ಒಂದಕ್ಕೆ ಒಂದು ಸಮವೋ ಅವರನ್ನೆಲ್ಲ ಕೊಡು’ ಎಂದಾಗುತ್ತದೆ. ಒಂದಕ್ಕೆ ಒಂದು ಯಾವಾಗಲೂ ಸಮವೇ. ಆದುದರಿಂದ ಇಡೀ ಪಟ್ಟಿ ಅವನ ಕೈಸೇರುತ್ತದೆ. ಇನ್ನೂ ದುಷ್ಟನಾದವನು ಪಟ್ಟಿಯನ್ನೇ ಅಳಿಸುವ ಆಜ್ಞೆಯನ್ನು ಸೇರಿಸಿಬಿಟ್ಟಾನು.

ಹಸ್ತಪ್ರತಿಗಳನ್ನು ಶೋಧಿಸುವ ವಿದ್ವಾಂಸರಿಗೆ ಇದರ ಪರಿಚಯವಿದೆ. ಪದಗಳ ನಡುವೆ ತೆರಪಿಲ್ಲದ ಓಲೆಗರಿಯಲ್ಲಿ ಮೂಲವೆಲ್ಲಿ ಮುಗಿಯಿತು, ಟೀಕೆಯೆಲ್ಲಿ ಮೊದಲಾಯಿತು ಎಂಬುದು ತಿಳಿಯದೆ, ಅಂಚಿನಲ್ಲಿದ್ದ ಮಾತು ಮುಂದಿನ ಪ್ರತಿಕಾರನ ಕೈಯಲ್ಲಿ ಮೂಲದೊಳಗೆ ಸೇರಿಹೋಗುತ್ತದೆ. ಅದನ್ನು ಪ್ರಕ್ಷೇಪ ಎನ್ನುತ್ತಾರೆ. ಗಣಕಶಾಸ್ತ್ರದವರು ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂದು ವೈದ್ಯರ ಸೂಜಿಯನ್ನು ನೆನಪಿಸುವ ಹೆಸರಿನಿಂದ ಕರೆಯುವ ಈ ಅಪಾಯಕ್ಕೆ ಪ್ರಕ್ಷೇಪವೆಂಬ ಹಳೆಯ ಹೆಸರೇ ಹೆಚ್ಚು ಒಪ್ಪುತ್ತದೆ. ವ್ಯತ್ಯಾಸವಿಷ್ಟೆ: ಕಾವ್ಯದ ಪ್ರಕ್ಷೇಪವನ್ನು ಓದುವವನು ಸಂದೇಹಪಡಬಲ್ಲ; ಯಂತ್ರವು ಓದಿದೊಡನೆಯೇ ಮಾಡಿ ಮುಗಿಸುತ್ತದೆ.

ಅಮೆರಿಕದ ಜೆಫ್ ಫಾರಿಸ್ಟಾಲ್ ಎಂಬುವರು ‘ಫ್ರ್ಯಾಕ್’ ಎಂಬ ಪತ್ರಿಕೆಯ 54ನೆಯ ಸಂಚಿಕೆಯಲ್ಲಿ, 1998ರ ಡಿಸೆಂಬರಿನಲ್ಲಿ, ಕಾವ್ಯನಾಮದಿಂದ ಇದನ್ನು ಬರೆದು ಬಹಿರಂಗಪಡಿಸಿದರು. ಹತ್ತು ವರ್ಷಗಳ ತರುವಾಯವೂ ಬಾಗಿಲುಗಳು ತೆರೆದೇ ಇದ್ದವು. ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಮೊದಲಾದ ಅಮೆರಿಕದ ಸಂಸ್ಥೆಗಳಿಂದ ಈ ಮಾರ್ಗವಾಗಿಯೇ ಒಳಹೊಕ್ಕು 13 ಕೋಟಿಗೂ ಮಿಕ್ಕ ಬ್ಯಾಂಕ್ ಕಾರ್ಡುಗಳ ವಿವರಗಳನ್ನು ಕದ್ದರೆಂದು ಆಲ್ಬರ್ಟ್ ಗೊನ್ಸಾಲೆಸ್ ಮತ್ತು ಅವನ ಸಹಚರರ ಮೇಲೆ 2009ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. 2010ರಲ್ಲಿ ಗೊನ್ಸಾಲೆಸನಿಗೆ 20 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಇಂಗ್ಲೆಂಡಿನ ಟಾಕ್‌ಟಾಕ್ ದೂರವಾಣಿ ಸಂಸ್ಥೆಯ ಪ್ರಕರಣ ಇದಕ್ಕಿಂತಲೂ ಬೋಧಪ್ರದವಾದುದು. 2015ರ ಅಕ್ಟೋಬರಿನಲ್ಲಿ ಅದರ 1,56,959 ಗ್ರಾಹಕರ ಮಾಹಿತಿ ಹೊರಬಿದ್ದಿತು. ದೋಷವಿದ್ದದ್ದು, ಆ ಸಂಸ್ಥೆ 2009ರಲ್ಲಿ ಕೊಂಡುಕೊಂಡ ಇನ್ನೊಂದು ಸಂಸ್ಥೆಯಿಂದ ಬಳುವಳಿಯಾಗಿ ಬಂದಿದ್ದ, ಇದೆಯೆಂಬುದನ್ನೇ ಮರೆತಿದ್ದ, ಮೂರು ಪುಟಗಳಲ್ಲಿ! ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರು 4 ಲಕ್ಷ ಪೌಂಡುಗಳ ದಂಡವನ್ನು ವಿಧಿಸಿದರು. ಹಳೆಯ ಪ್ರೋಗ್ರಾಮು ಇದುವರೆಗೆ ನಡೆದುಕೊಂಡು ಬಂದಿದೆ, ಮುಟ್ಟುವುದೇಕೆ ಎನ್ನುವ ಕಚೇರಿಗಳು ಈ ಮೂರು ಪುಟಗಳನ್ನು ನೆನೆಯುವುದು ಒಳ್ಳೆಯದು.

ಪರಿಹಾರವೇನು? ಮೊದಲು ಹೊಳೆದದ್ದು ಎಸ್ಕೇಪ್ ಮಾಡುವ ಪದ್ಧತಿ. ಎಸ್ಕೇಪ್ ಎಂದರೆ ತಪ್ಪಿಸಿಕೊಳ್ಳುವುದು. ಗೆರೆಯು ತನ್ನ ಅಧಿಕಾರದಿಂದ ತಪ್ಪಿಸಿಕೊಂಡು ಸಾಧಾರಣ ಅಕ್ಷರವಾಗಿ ಉಳಿಯುವುದು ಎಂಬರ್ಥದಲ್ಲಿ ಆ ಮಾತು ಸರಿಯಾದದ್ದೇ. ಎಸ್‌ಕ್ಯೂಎಲ್ ಭಾಷೆಯ ಅಧಿಕೃತ ನಿಯಮದಂತೆ ಮಾತಿನೊಳಗೆ ಬರುವ ಗೆರೆಯನ್ನು ಇಮ್ಮಡಿಸಿ 'ಡಿ''ಸೋಜ' ಎಂದು ಬರೆಯಬೇಕು. ಎರಡು ಗೆರೆಗಳು ಒಟ್ಟಿಗೆ ಬಂದರೆ ಯಂತ್ರವು ಅದನ್ನು ಮುಕ್ತಾಯವೆಂದೆಣಿಸದೆ ಒಂದು ಅಕ್ಷರವಾಗಿ ಓದಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯದಲ್ಲಿ ಇದಲ್ಲದೆ ಗೆರೆಯ ಹಿಂದೆ \ ಎಂಬ ಓರೆಗೀಟನ್ನು ಇಡುವ ಕ್ರಮವೂ ಇದೆ. ಪೋಸ್ಟ್‌ಗ್ರೆಸ್‌ನಲ್ಲಾದರೋ 2011ರಲ್ಲಿ ಬಂದ 9.1ನೆಯ ಆವೃತ್ತಿಯಿಂದೀಚೆಗೆ ಸಾಮಾನ್ಯ ಮಾತಿನೊಳಗಿನ ಓರೆಗೀಟಿಗೆ ವಿಶೇಷಾರ್ಥವಿಲ್ಲ. ಒಂದೂರಿನ ರಕ್ಷಾಕವಚ ಇನ್ನೊಂದೂರಿನಲ್ಲಿ ನಿರರ್ಥಕವೆಂಬುದು ಇದರಿಂದಲೇ ತೋರುತ್ತದೆ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಡೆದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದಿದೆ. ಪ್ರೋಗ್ರಾಮು ಬರೆಯುವವರು ಮರೆಯುತ್ತಾರೆಂದು ಭಾಷೆಯ ಕರ್ತೃಗಳು, ಹೊರಗಿನಿಂದ ಬರುವ ಪ್ರತಿಯೊಂದು ಗೆರೆಯ ಹಿಂದೆಯೂ ಯಂತ್ರವೇ ಓರೆಗೀಟನ್ನು ಸೇರಿಸುವ ಏರ್ಪಾಡನ್ನು ಮಾಡಿದರು. ಅದರ ಹೆಸರು ‘ಮ್ಯಾಜಿಕ್ ಕೋಟ್ಸ್’, ಎಂದರೆ ಮಾಯಾವೇಷ್ಟನ. ದತ್ತಸಂಚಯಕ್ಕೆ ಹೋಗುವ ಮಾತಿಗೂ, ಪತ್ರದಲ್ಲಿ ಅಚ್ಚಾಗುವ ಮಾತಿಗೂ ಒಂದೇ ಮಾಯೆ. ಎಚ್ಚರವುಳ್ಳ ಬರಹಗಾರನು ತಾನೂ ಒಮ್ಮೆ ಎಸ್ಕೇಪ್ ಮಾಡಿದರೆ ಗೀಟುಗಳು ಮೂರಾದವು. ತಿದ್ದಿ ಮತ್ತೆ ಉಳಿಸಿದರೆ ಏಳಾದವು. ಜನರ ಹೆಸರುಗಳು ಡಿ\\\'ಸೋಜ ಎಂಬ ವಿಕಾರರೂಪದಲ್ಲಿ ಪರದೆಯ ಮೇಲೆ ತೋರತೊಡಗಿದವು. ಈ ಏರ್ಪಾಡು ತರವಲ್ಲವೆಂದು 2009ರಲ್ಲಿ ಸಾರಿ, 2012ರ 5.4ನೆಯ ಆವೃತ್ತಿಯಲ್ಲಿ ಅದನ್ನು ಕಿತ್ತೆಸೆದರು. ಅದೇ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ಲಿಗಾಗಿ ‘ಎಸ್ಕೇಪ್ ಸ್ಟ್ರಿಂಗ್’ ಎಂಬ ಉಪಕರಣವಿತ್ತು. ಅದು ಸಾಲದೆಂದು ತಿಳಿದ ಮೇಲೆ ‘ರಿಯಲ್ ಎಸ್ಕೇಪ್ ಸ್ಟ್ರಿಂಗ್’ ಎಂಬ ಇನ್ನೊಂದು ಬಂದಿತು. ಹೆಸರಿನಲ್ಲಿ ‘ನಿಜವಾದ’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದಾಗಲೇ ಹಿಂದಿನದರ ಯೋಗ್ಯತೆ ಗೊತ್ತಾಗುವುದಿಲ್ಲವೆ? 2015ರ ಕೊನೆಯಲ್ಲಿ ಹೊರಬಂದ ಏಳನೆಯ ಆವೃತ್ತಿಯಲ್ಲಿ ಆ ಹಳೆಯ ಉಪಕರಣಗಳ ಗುಂಪೇ ಇಲ್ಲವಾಯಿತು.

ಹಿಂದಿನದು ಏಕೆ ಸಾಲದಾಯಿತೆಂಬುದು ಲಿಪಿಯನ್ನು ಕುರಿತ ಕುತೂಹಲದ ವಿಷಯ. ಚೀನೀ ಲಿಪಿಗಾಗಿ ಬಳಸುವ ಜಿಬಿಕೆ ಎಂಬ ಸಂಕೇತಕ್ರಮದಲ್ಲಿ ಒಂದು ಅಕ್ಷರಕ್ಕೆ ಎರಡು ಬೈಟುಗಳು. ಅವುಗಳಲ್ಲಿ ಎರಡನೆಯದು ಓರೆಗೀಟಿನ ಸಂಖ್ಯೆಯಾದ 92 ಆಗಿರಬಹುದು. ಕುಹಕಿಯು ಗೆರೆಯ ಹಿಂದೆ ಒಂದು ಅರ್ಧಾಕ್ಷರದ ಬೈಟನ್ನಿಟ್ಟು ಕಳುಹಿಸುತ್ತಾನೆ. ಪ್ರೋಗ್ರಾಮು ಗೆರೆಯನ್ನು ಕಂಡು ಅದರ ಹಿಂದೆ ಓರೆಗೀಟನ್ನು ಸೇರಿಸುತ್ತದೆ. ಆ ಓರೆಗೀಟು ಮುಂಚಿನ ಅರ್ಧಾಕ್ಷರದೊಡನೆ ಒತ್ತಕ್ಷರದಂತೆ ಕೂಡಿಕೊಂಡು ಒಂದು ಚೀನೀ ಅಕ್ಷರವಾಗಿಬಿಡುತ್ತದೆ! ಕಾವಲುಗಾರನನ್ನೇ ಕಳ್ಳನು ಮಾತಿಗೆಳೆದುಕೊಂಡಂತೆ, ಗೆರೆಯು ಕಾವಲಿಲ್ಲದೆ ಉಳಿಯುತ್ತದೆ. ಕನ್ನಡಕ್ಕೆ ಈ ಭಯವಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರಕಿತು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಮೂರು ಬೈಟುಗಳು, ಅವೆಲ್ಲವೂ 127ಕ್ಕಿಂತ ದೊಡ್ಡವು. ಗೆರೆಯ ಸಂಖ್ಯೆ 39. ಆದುದರಿಂದ ಸರಿಯಾಗಿ ಬರೆದ ಯಾವ ಕನ್ನಡ ಅಕ್ಷರದ ಹೊಟ್ಟೆಯಲ್ಲಿಯೂ ಗೆರೆಯಾಗಲಿ ಓರೆಗೀಟಾಗಲಿ ಅಡಗಿರಲಾರದು.

ಸರಿಯಾಗಿ ಬರೆದ ಎಂಬ ವಿಶೇಷಣವನ್ನು ಮಾತ್ರ ಮರೆಯಬಾರದು. ಪೋಸ್ಟ್‌ಗ್ರೆಸ್‌ನ ಕರ್ತೃಗಳು ಈ ಶಾಸ್ತ್ರದಲ್ಲಿ ನುರಿತವರು. ಅವರೇ ರಚಿಸಿಕೊಟ್ಟಿದ್ದ ಎಸ್ಕೇಪ್ ಉಪಕರಣಗಳಲ್ಲಿ, ಯುಟಿಎಫ್-8ರ ನಿಯಮಕ್ಕೆ ಹೊರತಾದ ಅಸಿಂಧು ಬೈಟುಗಳು ಬಂದರೆ ಕೆಲವು ಸಂದರ್ಭಗಳಲ್ಲಿ ವೇಷ್ಟನವು ಸಡಿಲುತ್ತದೆಂಬುದು ಪತ್ತೆಯಾಗಿ, 2025ರ ಫೆಬ್ರವರಿ 13ರಂದು ಅದನ್ನು ಸರಿಪಡಿಸಬೇಕಾಯಿತು. ದಶಕಗಳ ಕಾಲ ತಜ್ಞರ ಕಣ್ಣಿಗೆ ಬೀಳದ ಸಂದು ಜಿಲ್ಲಾ ಕೇಂದ್ರದಲ್ಲಿ ಕುಳಿತು ಶಾಲೆಗಳಿಗೆ ಪ್ರೋಗ್ರಾಮು ಬರೆದುಕೊಡುವ ತರುಣನ ಕಣ್ಣಿಗೆ ಬಿದ್ದೀತೆಂದು ನಂಬುವುದು ಹೇಗೆ?

ಎಸ್ಕೇಪಿನ ಮಿತಿಗಳು ಇನ್ನೂ ಇವೆ. ಪ್ರಶ್ನೆಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆಯಿದ್ದರೆ ಅದರ ಸುತ್ತ ಗೆರೆಗಳೇ ಇರುವುದಿಲ್ಲ; 7 ಅಥವಾ 1 = 1 ಎಂದು ತುಂಬಿದವನು ಗೆರೆಯ ತಂಟೆಗೇ ಹೋಗದೆ ಒಳಗೆ ಬರುತ್ತಾನೆ. ಎಸ್ಕೇಪ್ ಮಾಡಿ ಉಳಿಸಿದ ಹೆಸರು ದತ್ತಸಂಚಯದೊಳಗೆ ಕವಚವಿಲ್ಲದೆಯೇ ಇರುತ್ತದೆಂಬುದು ಮತ್ತೊಂದು. ವರ್ಷಾಂತ್ಯದಲ್ಲಿ ವರದಿಯನ್ನು ತಯಾರಿಸುವ ಪ್ರೋಗ್ರಾಮು ಅದನ್ನು ಹೊರತೆಗೆದು, ಇದು ಸ್ವಂತ ಮನೆಯ ಸಾಮಾನೆಂಬ ವಿಶ್ವಾಸದಿಂದ ಹಾಗೆಯೇ ಹೊಸ ವಾಕ್ಯಕ್ಕೆ ಅಂಟಿಸಿದರೆ, ಜೂನ್ ತಿಂಗಳಿನಲ್ಲಿ ಬಿತ್ತಿದ ವಿಷ ಮಾರ್ಚಿಯಲ್ಲಿ ಫಲಿಸುತ್ತದೆ.

ಹಾಗಾದರೆ ಅಂಟಿಸುವುದನ್ನೇ ಬಿಡುವುದು ಸರಿಯಾದ ದಾರಿ. ದಾನಿಗಳಿಗೆ ಕೊಡುವ ರಸೀದಿ ಪುಸ್ತಕವನ್ನು ನೆನೆಯಬಹುದು. ‘ಇವರಿಂದ ಇಷ್ಟು ರೂಪಾಯಿ ಸಂದಿದೆ’ ಎಂಬ ವಾಕ್ಯ ಮೊದಲೇ ಅಚ್ಚಾಗಿರುತ್ತದೆ. ತೆರಪಿನಲ್ಲಿ ಹೆಸರನ್ನೂ ಮೊತ್ತವನ್ನೂ ತುಂಬುತ್ತಾರೆ. ತೆರಪಿನಲ್ಲಿ ಏನನ್ನು ಬರೆದರೂ ಅಚ್ಚಾದ ವಾಕ್ಯದ ಅನ್ವಯ ಬದಲಾಗುವುದಿಲ್ಲ. ದತ್ತಸಂಚಯಕ್ಕೂ ಹೀಗೆಯೇ ಎರಡು ಸಲ ಮಾತನಾಡಬಹುದು. ‘ಕೊಡು — ವಿದ್ಯಾರ್ಥಿ ಪಟ್ಟಿಯಿಂದ — ಹೆಸರು = ?’ ಎಂದು ಪ್ರಶ್ನಾರ್ಥಕ ಚಿಹ್ನೆಯ ತೆರಪಿನೊಡನೆ ವಾಕ್ಯವನ್ನು ಮೊದಲು ಒಪ್ಪಿಸಬೇಕು. ಯಂತ್ರವು ಅದರ ಕರ್ತೃ, ಕರ್ಮ, ಕ್ರಿಯಾಪದಗಳನ್ನು ವಿಂಗಡಿಸಿ ಅನ್ವಯವನ್ನು ಸ್ಥಿರಪಡಿಸಿಕೊಳ್ಳುತ್ತದೆ. ಆಮೇಲೆ ಹೆಸರು ಬೇರೆ ಲಕೋಟೆಯಲ್ಲಿ ಹೋಗುತ್ತದೆ. ಅಷ್ಟರಲ್ಲಿ ವಾಕ್ಯದ ವಿಚಾರ ಮುಗಿದಿರುವುದರಿಂದ ಆ ಹೆಸರಿನಲ್ಲಿ ಗೆರೆಯಿದ್ದರೂ, ‘ಅಥವಾ’ ಇದ್ದರೂ, ಇಡೀ ಒಂದು ಆಜ್ಞೆಯೇ ಇದ್ದರೂ ಅದು ಹೆಸರೇ. ಪಟ್ಟಿಯಲ್ಲಿ ಅಂತಹ ಹೆಸರಿನವರಿಲ್ಲವೆಂದು ಯಂತ್ರ ಶಾಂತವಾಗಿ ಉತ್ತರಿಸುತ್ತದೆ. ಇದಕ್ಕೆ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಎಂದು ಹೆಸರು. ಇಂದು ಬಳಕೆಯಲ್ಲಿರುವ ಎಲ್ಲ ಪ್ರಮುಖ ಭಾಷೆಗಳಲ್ಲಿಯೂ ಇದಕ್ಕೆ ಅನುಕೂಲವಿದೆ, ಹೆಚ್ಚಿನ ಖರ್ಚಿಲ್ಲ. ಒಂದು ಕೊರತೆಯುಂಟು: ಪಟ್ಟಿಯ ಹೆಸರನ್ನಾಗಲಿ ಕಂಬಸಾಲಿನ ಹೆಸರನ್ನಾಗಲಿ ಇಂತಹ ತೆರಪಿನಲ್ಲಿ ತುಂಬಲಾಗದು. ಅಂಥವುಗಳನ್ನು ಮೊದಲೇ ಗೊತ್ತುಪಡಿಸಿದ ನಾಲ್ಕಾರು ಹೆಸರುಗಳ ಪೈಕಿ ಆರಿಸಿಕೊಳ್ಳುವಂತೆ ಕಟ್ಟುಮಾಡಬೇಕು.

ರಾಂಡಲ್ ಮನ್ರೋ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರರು 2007ರಲ್ಲಿ ಬರೆದ ಒಂದು ಚಿತ್ರ ಪ್ರೋಗ್ರಾಮು ಬರೆಯುವವರಲ್ಲಿ ಮನೆಮಾತಾಗಿದೆ. ತಾಯಿಯೊಬ್ಬಳು ತನ್ನ ಮಗನಿಗೆ ಪಟ್ಟಿಯನ್ನಳಿಸುವ ಆಜ್ಞೆಯನ್ನೇ ಹೆಸರಾಗಿಟ್ಟಿದ್ದಾಳೆ. ಶಾಲೆಯವರು ಆ ಹೆಸರನ್ನು ದಾಖಲಿಸಿ ಆ ವರ್ಷದ ವಿದ್ಯಾರ್ಥಿಗಳ ದಾಖಲೆಯನ್ನೆಲ್ಲ ಕಳೆದುಕೊಂಡಿದ್ದಾರೆ. ಒಳಗೆ ಬರುವ ಮಾತುಗಳನ್ನು ಶುದ್ಧಿಮಾಡುವುದನ್ನು ಇನ್ನಾದರೂ ಕಲಿಯಿರೆಂದು ತಾಯಿ ಬುದ್ಧಿ ಹೇಳುತ್ತಾಳೆ. ಹಾಸ್ಯವೇನೋ ಉತ್ತಮವಾದುದು, ಬುದ್ಧಿವಾದ ಮಾತ್ರ ಅಷ್ಟು ಒಳ್ಳೆಯದಲ್ಲ. ಶುದ್ಧಿಮಾಡುವುದೆಂದರೆ ಹೆಸರಿನಲ್ಲಿ ಮೈಲಿಗೆಯಿದೆ ಎಂದಂತಾಯಿತು. ಡಿ'ಸೋಜ ಎಂಬ ಹೆಸರಿನಲ್ಲಿ, ಓ'ಬ್ರಯನ್ ಎಂಬ ಹೆಸರಿನಲ್ಲಿ, ಎಂತಹ ಮೈಲಿಗೆ? ದೋಷವಿರುವುದು ಆಜ್ಞೆಯನ್ನೂ ಮಾತನ್ನೂ ಒಂದೇ ಪಾತ್ರೆಯಲ್ಲಿ ಕಲಸುವ ಅಡಿಗೆಯವನಲ್ಲಿ.

ಈ ಶುದ್ಧಿಯ ಬುದ್ಧಿ ಕಚೇರಿಗಳಲ್ಲಿ ಇನ್ನೂ ಒರಟಾದ ರೂಪವನ್ನು ತಾಳುತ್ತದೆ. ಹೆಸರಿನ ಚೌಕದಲ್ಲಿ ‘ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವ ಪ್ರೋಗ್ರಾಮುಗಳು ಅಸಂಖ್ಯ. ಹುಡುಗಿಯ ಹೆಸರು ಒಂದು ದಾಖಲೆಯಲ್ಲಿ ಗೆರೆಯೊಡನೆ, ಇನ್ನೊಂದರಲ್ಲಿ ಗೆರೆಯಿಲ್ಲದೆ, ಮತ್ತೊಂದರಲ್ಲಿ ತೆರಪಿನೊಡನೆ ಮುದ್ರಿತವಾಗುತ್ತದೆ. ಅಂಕಪಟ್ಟಿಯಲ್ಲೊಂದು, ಜನನಪತ್ರದಲ್ಲೊಂದು ಎಂದಾದರೆ ತಂದೆತಾಯಿಗಳು ಪ್ರಮಾಣಪತ್ರಕ್ಕಾಗಿ ನೋಟರಿಯ ಬಳಿಗೆ ಅಲೆಯಬೇಕಾಗುತ್ತದೆಂಬುದನ್ನು ಮುಖ್ಯೋಪಾಧ್ಯಾಯರಿಗೆ ಯಾರೂ ವಿವರಿಸಬೇಕಾಗಿಲ್ಲ. ನಾಮಕರಣದ ಹಕ್ಕು ಹೆತ್ತವರದು. ಪ್ರೋಗ್ರಾಮು ಬರೆದವನ ಸೋಮಾರಿತನಕ್ಕಾಗಿ ಅದನ್ನು ತಿದ್ದುವ ಅಧಿಕಾರ ಯಾವ ಕಚೇರಿಗೂ ಇಲ್ಲ.

ಗಣಕವಿಜ್ಞಾನದ ಅಧ್ಯಾಪಕರ ಹೊಣೆ ಇಲ್ಲಿ ದೊಡ್ಡದು. ಸಿಬಿಎಸ್‌ಇ ಹನ್ನೆರಡನೆಯ ತರಗತಿಯ ಈಚಿನ ವರ್ಷಗಳ ಪಠ್ಯಕ್ರಮದಲ್ಲಿ ಪೈಥಾನ್ ಭಾಷೆಯನ್ನು ದತ್ತಸಂಚಯದೊಡನೆ ಜೋಡಿಸುವ ಪಾಠವಿದೆ. ಅದರಲ್ಲಿ ಪ್ರಶ್ನೆಗಳನ್ನು ರಚಿಸಲು ‘%ಎಸ್’ ಎಂಬ ಸಂಕೇತವನ್ನು ಅಥವಾ ‘ಫಾರ್ಮ್ಯಾಟ್’ ಎಂಬ ಕ್ರಿಯೆಯನ್ನು ಬಳಸಬಹುದೆಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಇವೆರಡೂ ಸಮಾನವಲ್ಲ. ಫಾರ್ಮ್ಯಾಟ್ ಎಂಬುದು ಅಂಟಿಸುವ ಕ್ರಿಯೆಯೇ. ‘%ಎಸ್’ ಆದರೋ, ಬೆಲೆಗಳನ್ನು ಅಲ್ಪವಿರಾಮದ ನಂತರ ಬೇರೆಯಾಗಿ ಒಪ್ಪಿಸಿದರೆ ಭದ್ರವಾದ ತೆರಪಾಗುತ್ತದೆ, ಅಲ್ಪವಿರಾಮದ ಬದಲು ಮತ್ತೊಂದು % ಚಿಹ್ನೆಯನ್ನಿಟ್ಟರೆ ಪುನಃ ಅಂಟಿಸಿದಂತೆಯೇ ಆಗುತ್ತದೆ. ಒಂದು ಅಲ್ಪವಿರಾಮದ ಅಂತರ! ಪರೀಕ್ಷೆಯಲ್ಲಿ ಎರಡಕ್ಕೂ ಉತ್ತರ ಒಂದೇ ಬರುವುದರಿಂದ ಎರಡಕ್ಕೂ ಅಂಕ ದೊರೆಯುತ್ತದೆ. ಹದಿನೇಳರ ವಯಸ್ಸಿನಲ್ಲಿ ಕೈಗೆ ಹತ್ತಿದ ಅಭ್ಯಾಸ ಉದ್ಯೋಗದಲ್ಲಿಯೂ ಮುಂದುವರಿಯುತ್ತದೆ. ಪಠ್ಯಕ್ರಮ ತಿದ್ದುಪಡಿಯಾಗುವವರೆಗೆ ಕಾಯದೆ, ಪ್ರಯೋಗಶಾಲೆಯ ಮೊದಲನೆಯ ದಿನವೇ ಡಿ'ಸೋಜ ಎಂಬ ಹೆಸರನ್ನು ತುಂಬಲು ಹೇಳಿ, ಅದು ನಿಂತರೆ ಅಂಕವನ್ನು ಕಳೆಯುವುದು ಅಧ್ಯಾಪಕರ ಕೈಯಲ್ಲಿಯೇ ಇದೆ.

ಆಡಳಿತ ಮಂಡಳಿಗಳೂ ಅಷ್ಟೆ. ಕಟ್ಟಡದ ಗುತ್ತಿಗೆಯಲ್ಲಿ ಸಿಮೆಂಟಿನ ಪ್ರಮಾಣವನ್ನು ಕೇಳುವವರು ಪ್ರೋಗ್ರಾಮಿನ ಗುತ್ತಿಗೆಯಲ್ಲಿ ಬಣ್ಣದ ಪರದೆಯನ್ನು ನೋಡಿ ಸಹಿ ಹಾಕುತ್ತಾರೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಮಾಹಿತಿಗೆ ಯುಕ್ತವಾದ ಭದ್ರತೆಯನ್ನೊದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಹೇಳುತ್ತದೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಪೋಷಕರ ಸಮ್ಮತಿಯ ವಿಶೇಷ ನಿಯಮವನ್ನೂ ವಿಧಿಸುತ್ತದೆ. ದಂಡದ ಮಾತು ಹಾಗಿರಲಿ. ಮಕ್ಕಳ ಜನ್ಮದಿನಾಂಕ, ತಂದೆತಾಯಿಗಳ ದೂರವಾಣಿ ಸಂಖ್ಯೆ, ದಾನಿಗಳು ಕೊಟ್ಟ ಮೊತ್ತ ಇವನ್ನು ಜನ ಶಾಲೆಗೆ ಕೊಟ್ಟದ್ದು ಶಾಲೆಯ ಮೇಲಿನ ನಂಬಿಕೆಯಿಂದ. ಆದುದರಿಂದ ಕರಾರಿನಲ್ಲಿ ಒಂದು ವಾಕ್ಯವಿರಲಿ: ಹೊರಗಿನಿಂದ ಬಂದ ಯಾವ ಮಾತನ್ನೂ ಪ್ರಶ್ನಾವಾಕ್ಯಕ್ಕೆ ಅಂಟಿಸತಕ್ಕದ್ದಲ್ಲ, ತೆರಪಿನ ಮೂಲಕವೇ ಒಪ್ಪಿಸತಕ್ಕದ್ದು, ಹಳೆಯ ಪ್ರೋಗ್ರಾಮುಗಳನ್ನೂ ಈ ನಿಯಮಕ್ಕೆ ತರತಕ್ಕದ್ದು. ಕೊನೆಯ ಕಂತನ್ನು ಪಾವತಿ ಮಾಡುವುದಕ್ಕೆ ಮೊದಲು ಕಚೇರಿಯ ಗುಮಾಸ್ತರೇ ದಾಖಲಾತಿ, ಶುಲ್ಕ, ರಸೀದಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ ಇಷ್ಟರಲ್ಲಿಯೂ ಒಂದೊಂದು ಸಲ ಗೆರೆಯಿರುವ ಹೆಸರನ್ನು ತುಂಬಿ, ಉಳಿಸಿ, ತೆಗೆದು, ಅಚ್ಚುಹಾಕಿ ನೋಡಲಿ. ಇದರಿಂದ ಎಲ್ಲ ಸಂದುಗಳೂ ಬಯಲಾಗುವುದಿಲ್ಲ, ಅದಕ್ಕೆ ತಿಳಿದವರಿಂದ ಪ್ರೋಗ್ರಾಮಿನ ಮೂಲಬರಹವನ್ನೇ ಓದಿಸಬೇಕು. ಆದರೆ ಅರ್ಧ ಗಂಟೆಯ ಈ ಪರೀಕ್ಷೆಯಲ್ಲಿ ಎಡವಿದ ಪ್ರೋಗ್ರಾಮಿಗೆ ಹಣ ಕೊಡಬೇಕಾದ ಕಾರಣವಿಲ್ಲ.